ಘಾಟು ಬಂದ ಮಧ್ಯಾಹ್ನ

ಆಗೆಲ್ಲ ನಾಗಪುರದ ಬೇಸಿಗೆ ರಜೆಯೆಂದರೆ ಕೂಲರಿನ ಮುಂದೆ ಕೂರುವುದು. ಹೊರಗೆ ಮನೀಶ್ ನಗರದ ರಸ್ತೆಯಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ಒಳಗೆ ಕೂಲರಿನ ನೆಂದ ಹುಲ್ಲಿನ ವಾಸನೆ, ಹುಳಿಮಾವಿನ ಪಾನಕ, ನೆಲದ ಮೇಲೆ ಅಣ್ಣ ಶ್ರೀಕಾಂತ ಬರೆದ ಕೋಟೆಯ ನಕ್ಷೆ. ಗೆಳೆಯನ ಬಳಿಯಿದ್ದ ಆಟದ ನಿಯಮಗಳ ಪುಸ್ತಕವನ್ನು ಝೆರಾಕ್ಸ್ ಮಾಡಿಸಿ ಅವನು ಆಟ ನಡೆಸುತ್ತಿದ್ದ. ಅವನು ಕಥೆ ಹೇಳಬೇಕು, ನಾವು ಪಾತ್ರಗಳಾಗಿ ಅದರೊಳಗೆ ನಡೆಯಬೇಕು, ಗೆಲುವು ಸೋಲು ದಾಳಕ್ಕೆ ಬಿಟ್ಟದ್ದು.

ಹನ್ನೆರಡು ವರ್ಷದ ನಾನು ಮಂತ್ರವಾದಿ. ಧಾರವಾಡದಿಂದ ಬಂದಿದ್ದ ಸೋದರತ್ತೆಯ ಮಗಳು ಶೈಲಾ ಮನಸ್ಸು ಓದುವವಳು. ನನಗಿಂತ ಎರಡು ವರ್ಷ ಚಿಕ್ಕವಳು. ಅತ್ತೆ ನಮ್ಮೂರಿನ ರಾಮದಾಸಪೇಠದ ಆಸ್ಪತ್ರೆಯಲ್ಲಿದ್ದಳು. ಅವಳು ಉಳಿಯುವುದಿಲ್ಲ ಎಂದು ಅಪ್ಪ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಶೈಲಾಳ ಮುಂದೆ ಬಾಯಿಬಿಟ್ಟರೆ ಕಾಲು ಮುರಿಯುತ್ತೇನೆ ಎಂದು ಅವ್ವ ಗದರಿದ್ದಳು.

ನನ್ನ ಮಂತ್ರಕ್ಕೆ ಬಾಯಿ ಬೇಕು, ಕೈಯಲ್ಲಿ ಬೂದಿಯೋ ಬೇರೋ ಬೇಕು. ಶೈಲಾಗೆ ಏನೂ ಬೇಡ. ನನಗೆ ಹೊಟ್ಟೆ ಉರಿಯಿತು.

"ಎರಡೂ ಒಂದ ಬಿಡು. ಮಂತ್ರ ತಡೀಲಿಕ್ಕೆ ಬಂದಂಗ ಇಕಿದನ್ನೂ ತಡೀಲಿಕ್ಕೆ ಬರಬೇಕು," ಎಂದೆ.

"ಬರೋಬರ್," ಎಂದ ಅಣ್ಣ.

"ಮಂತ್ರ ಹೊರಗಿಂದ ತರಬೇಕು," ಎಂದಳು ಶೈಲಾ. "ಇದು ಒಳಗ ಇರತೈತಿ."

ತೋರಿಸು ಎಂದೆ. ಅಣ್ಣ ಡಬ್ಬಿಯಲ್ಲಿ ದಾಳ ಅಲುಗಿಸಿ ಮುಚ್ಚಿಟ್ಟ. ನಾಕು, ಎಂದಳು. ನಾಲ್ಕೇ ಇತ್ತು. ಒಂದು, ಎಂದಳು. ಒಂದೇ. ಐದನೆಯ ಸಲಕ್ಕೆ ಅಣ್ಣ ನಗುವುದನ್ನು ಬಿಟ್ಟ. ಅವಳು ನನ್ನ ಕಡೆ ತಿರುಗಿದಳು.

"ಈಗ ನಿನ್ನ ಮನಸಿನ್ಯಾಗ ಏನೈತಿ, ನೋಡ್ಲೇನು?"

ಇದು ಮಾಟವೇ ಇರಬೇಕು, ಅಪ್ಪನ ಮಾತು ಅವಳಿಗೆ ಸಿಗುವ ಮೊದಲು ತೆಗೆಯಬೇಕು ಎನಿಸಿತು. ಅಡುಗೆಮನೆಗೆ ಓಡಿ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದೆ. ಅವ್ವ ದೃಷ್ಟಿ ತೆಗೆಯುವ ಹಾಗೆ ಅವಳಿಗೆ ಮೂರು ಸಲ ನಿವಾಳಿಸಿ, ಗ್ಯಾಸಿನ ಉರಿಗೆ ಹಾಕಿದೆ. ದೃಷ್ಟಿಯೋ ಮಾಟವೋ ಇದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಅವತ್ತು ಮನೆಯೆಲ್ಲ ಘಾಟು. ಅಣ್ಣ ಕೆಮ್ಮುತ್ತ ಬಾಗಿಲು ತೆರೆದ. ಶೈಲಾ ಮಾತ್ರ ಕೆಮ್ಮಲಿಲ್ಲ.

"ನೋಡು, ಮಾಟ ಅಲ್ಲ," ಎಂದಳು. ನನ್ನನ್ನೇ ಬಹಳ ಹೊತ್ತು ನೋಡಿದಳು. "ಹೋಗ್ಲಿ ಬಿಡು, ಕೇಳಂಗಿಲ್ಲ. ನಿಮ್ಮವ್ವ ನಿನ್ನ ಕಾಲು ಮುರೀತಾಳ."

ಎದ್ದು ಹೋಗಿ ಹಗ್ಗದ ಮೇಲಿನ ತನ್ನ ಬಟ್ಟೆಗಳನ್ನು ತಂದಳು, ಒಂದೊಂದೇ ಮಡಚಿ ಚೀಲಕ್ಕೆ ತುಂಬಿದಳು. ಆಸ್ಪತ್ರೆಯಿಂದ ಫೋನ್ ಬಂದದ್ದು ಆಮೇಲೆ, ಸಂಜೆ ನಾಲ್ಕಕ್ಕೆ.

ಎಷ್ಟೋ ವರ್ಷಗಳ ಮೇಲೆ ಅವಳನ್ನು ಕೇಳಿದೆ, ಅವತ್ತು ಖರೇನ ಗೊತ್ತಾಗಿತ್ತೇನು ಎಂದು. "ನಿನ್ನ ಮಾರಿ ಮ್ಯಾಲ ಬರದಿತ್ತಲ್ಲೋ," ಎಂದು ನಕ್ಕಳು. ದಾಳದ ಮಾತು ಅವಳೂ ಎತ್ತಲಿಲ್ಲ, ಕೇಳಲು ನನಗೂ ಧೈರ್ಯವಾಗಲಿಲ್ಲ.

ಹೋದ ವರ್ಷ ಅದೇ ರಾಮದಾಸಪೇಠದ ಆಸ್ಪತ್ರೆಯಲ್ಲಿ, ಡಾಕ್ಟರು ಹೇಳಿದ್ದನ್ನು ಮುಚ್ಚಿಟ್ಟು ಅವ್ವನ ಹಾಸಿಗೆಯ ಪಕ್ಕ ಕೂತು, "ಏನೂ ಇಲ್ಲವ್ವ, ಆರಾಮ ಆಗತಿ," ಎಂದೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಂಬಿದಳು.