ಕರಿಬೇವಿಗೆ ಹೋಗಬೇಕಿದ್ದ ನೀರು

೨೦೨೨ರ ಫೆಬ್ರವರಿಯಲ್ಲಿ ನಾನು ಪರ್ತ್ ನಗರದ ಕ್ಯಾನಿಂಗ್ ವೇಲ್‌ನಲ್ಲಿದ್ದ ಒಂದು ಅದಿರು ಪರೀಕ್ಷಾ ಪ್ರಯೋಗಾಲಯದಲ್ಲಿ ಸೀನಿಯರ್ ಮೆಟಲರ್ಜಿಸ್ಟ್ ಆಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಗಣಿಗಳಿಂದ ಬರುವ ಕಲ್ಲನ್ನು ಅರೆದು, ನೀರಿನಲ್ಲಿ ಕಲಸಿ, ಜರಡಿ ಹಿಡಿದು, ಬೇಕಾದದ್ದನ್ನೂ ಬೇಡದ್ದನ್ನೂ ಬೇರೆ ಮಾಡುವುದು ನಮ್ಮ ಕೆಲಸ. ಬೇಕಾದದ್ದಕ್ಕೆ ಕಾನ್ಸನ್‌ಟ್ರೇಟ್ ಎನ್ನುತ್ತೇವೆ, ಬೇಡದ್ದಕ್ಕೆ ಟೇಲಿಂಗ್ಸ್. ಮೂವತ್ತನಾಲ್ಕು ವರ್ಷ ಈ ಎರಡು ಪದಗಳ ನಡುವೆಯೇ ಅನ್ನ ತಿಂದವನು ನಾನು. ಮೊದಲು ರಾಯಚೂರು ಕಡೆಯ ಒಂದು ಗಣಿಯಲ್ಲಿ, ಆಮೇಲೆ ಇಲ್ಲಿ. ಇಷ್ಟು ವರ್ಷಗಳಲ್ಲಿ ಚಿನ್ನ, ನಿಕ್ಕಲ್, ಕಬ್ಬಿಣ, ಲಿಥಿಯಂ ಎಲ್ಲವನ್ನೂ ತೊಳೆದಿದ್ದೆ. ಹುಲ್ಲನ್ನು ತೊಳೆದಿರಲಿಲ್ಲ.

ಹುಲ್ಲು ತಂದವನು ಡ್ಯಾರಿಲ್. ನಮ್ಮ ಲ್ಯಾಬಿನ ಯಂತ್ರಗಳ ಫಿಟ್ಟರ್. ಉತ್ತರದ ಪಿಲ್ಬರಾ ಸೀಮೆಯ ಮೂಲನಿವಾಸಿ ಕುಟುಂಬದವನಾದರೂ ಬೆಳೆದದ್ದು ಪರ್ತ್‌ನಲ್ಲೇ. ಒಂದು ಸೋಮವಾರ ಟೀ ಹೊತ್ತಿಗೆ ನನ್ನ ಮೇಜಿನ ಮೇಲೆ ಒಂದು ಬಟ್ಟೆಚೀಲವನ್ನೂ ಒಂದು ಫೋಟೋವನ್ನೂ ಇಟ್ಟ. ಫೋಟೋದಲ್ಲಿ ಮೊಳದುದ್ದದ ಒಂದು ಮರದ ಹಿಡಿ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಚೂಪುಗಲ್ಲು. ಮರ ಕೆತ್ತುವ ಉಳಿ ಅದು. ಅವನ ಅಜ್ಜನದು. ದಶಕಗಳ ಕಾಲ ಅಡಿಲೇಡ್‌ನ ಒಂದು ಸಂಗ್ರಹದಲ್ಲಿದ್ದು, ಹಿಂದಿನ ವರ್ಷ ಮನೆಯವರ ಕೈಗೆ ವಾಪಸಾಗಿತ್ತು. ಕಲ್ಲನ್ನು ಹಿಡಿದಿದ್ದ ಹಳೆಯ ಅಂಟು ಒಣಗಿ ಉದುರಿ, ಹಿಡಿ ಬೇರೆ ಕಲ್ಲು ಬೇರೆ ಆಗಿತ್ತು.

ಚೀಲದಲ್ಲಿದ್ದದ್ದು ಆ ಅಂಟಿನ ಮೂಲ. ಪಿಲ್ಬರಾದಲ್ಲಿ ಮೈಲಿಗಟ್ಟಲೆ ಬೆಳೆಯುವ ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು ಗೊತ್ತಿರಬಹುದು. ಅದರ ಕೆಲವು ಜಾತಿಗಳ ಎಲೆಗಳಲ್ಲಿ ರಾಳ ಒಸರುತ್ತದೆ. ಹುಲ್ಲನ್ನು ಬಡಿದರೆ ರಾಳ ಪುಡಿಯಾಗಿ ಉದುರುತ್ತದೆ, ಜೊತೆಗೆ ಕಡ್ಡಿ, ನಾರು, ಕೆಂಪು ಮಣ್ಣು. ಅದನ್ನು ಗಾಳಿಗೆ ತೂರಿ ಹಸನು ಮಾಡುವ ಹೆಂಗಸರು ಅಲ್ಲಿ ಇದ್ದರಂತೆ. ಡ್ಯಾರಿಲ್ ತನ್ನ ಹಿತ್ತಲಿನಲ್ಲಿ ತೂರಲು ಹೋಗಿ, ಮಧ್ಯಾಹ್ನದ ಸಮುದ್ರಗಾಳಿಗೆ ಅರ್ಧ ಚೀಲ ಪಕ್ಕದ ಮನೆಯವರ ಈಜುಕೊಳಕ್ಕೆ ಹಾರಿಸಿಬಿಟ್ಟಿದ್ದ.

"ಉಳಿದಿರೋದು ಇಷ್ಟೇ, ಮೂರ್ತಿ. ಇದನ್ನ ಬಡಿದ ಜಾಗಕ್ಕೆ ಆಮೇಲೆ ಬೆಂಕಿ ಬಿತ್ತು. ಹೊಸ ಹುಲ್ಲಲ್ಲಿ ರಾಳ ಬರೋಕೆ ವರ್ಷಗಳೇ ಬೇಕು. ನಮ್ಮ ಐವಿ ಆಂಟಿಗೆ ಅಷ್ಟು ವರ್ಷ ಇಲ್ಲ."

ಐವಿ ಅವನ ಸೋದರತ್ತೆ, ಉಳಿಯ ಯಜಮಾನನ ಮಗಳು. ಡಯಾಲಿಸಿಸ್‌ಗಾಗಿ ಊರು ಬಿಟ್ಟು ಪರ್ತ್‌ನ ಒಂದು ಹಾಸ್ಟೆಲ್‌ನಲ್ಲಿದ್ದರು. ಕೈ ನಡುಗುತ್ತಿದ್ದುದರಿಂದ ಈ ಕೆಲಸ ಅವರಿಂದ ಆಗುತ್ತಿರಲಿಲ್ಲ. ಕಲ್ಲನ್ನು ಡ್ಯಾರಿಲ್ಲೇ ಕೂರಿಸಬೇಕು, ಆ ಜಾಗದ ಹುಲ್ಲಿನಿಂದಲೇ ಕೂರಿಸಬೇಕು ಎಂದು ಹಟ ಹಿಡಿದಿದ್ದರು. ಮುಂದಿನ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಉಳಿ ಅವರ ಕೈಯಲ್ಲಿರುತ್ತದೆ ಎಂದು ಇವನು ಮಾತು ಕೊಟ್ಟಿದ್ದ.

"ಲೋಹ ಬೇರೆ ಮಾಡ್ತೀಯ, ಇದನ್ನ ಬೇರೆ ಮಾಡಿಕೊಡೋಕೆ ಆಗಲ್ವಾ?"

ಚೀಲ ತೂಗಿದೆ. ೬೪೦ ಗ್ರಾಂ. ಕನಿಷ್ಠ ೮೦ ಗ್ರಾಂ ರಾಳ ಸಿಕ್ಕಿದರೆ ಸಾಕೆಂದು ಡ್ಯಾರಿಲ್ ಅಂದಾಜು ಹೇಳಿದ. "ಇಷ್ಟೇನಾ" ಎಂದುಬಿಟ್ಟೆ. ಆಂಟಿ ಏನಾದರೂ ಹೇಳಿದ್ದಾರೆಯೇ ಎಂದು ಕೇಳಿದ್ದಕ್ಕೆ, ಕುದಿಸಬೇಡಿ ಎಂದಿದ್ದಾರೆ ಅಂದ. ಅಷ್ಟು ಸಾಕು ಎಂದುಕೊಂಡೆ. ಅಲ್ಲೇ ನನ್ನ ತಪ್ಪು ಶುರುವಾದದ್ದು, ಆದರೆ ಅದು ತಿಳಿದದ್ದು ಹತ್ತು ದಿನಗಳ ಮೇಲೆ.

ಹೊರಗಿನ ಸ್ಯಾಂಪಲ್ ಮುಟ್ಟಬಾರದು ಎಂಬುದು ಲ್ಯಾಬಿನ ನಿಯಮ. ಹಾಗಾಗಿ ಕೆಲಸ ಹ್ಯಾರಿಸ್‌ಡೇಲ್‌ನ ನಮ್ಮ ಮನೆಯ ಗ್ಯಾರೇಜಿಗೆ ಬಂತು. ಮೊದಲು ೪೦ ಗ್ರಾಂ ತೆಗೆದುಕೊಂಡು ಒಣ ಜರಡಿ ಹಿಡಿದೆ. ಅಂದು ಸೆಕೆ ಮೂವತ್ತೆಂಟು ಡಿಗ್ರಿ. ರಾಳ ಮೆತ್ತಗಾಗಿ ಬಲೆಗೆ ಅಂಟಿ, ಜರಡಿ ಪೂರ್ತಿ ಕುರುಡಾಯಿತು. ಕಣ್ಣುಗಳು ಮುಚ್ಚಿಕೊಂಡ ಜರಡಿಗೆ ನಮ್ಮ ಕಸುಬಿನಲ್ಲಿ ಹೇಳುವ ಮಾತೇ ಅದು. ಆ ನಲವತ್ತು ಗ್ರಾಂ ಹೋಯಿತು.

ರಾಳಕ್ಕೆ ಬೇಕಾದದ್ದು ಚಳಿ. ಚಳಿಗೆ ಅದು ಸಕ್ಕರೆ ಹರಳಿನ ಹಾಗೆ ಗಟ್ಟಿಯಾಗಿ, ಯಾವುದಕ್ಕೂ ಅಂಟದೆ ಬಿಡಿಬಿಡಿಯಾಗಿರುತ್ತದೆ. ಐಸ್ ನೀರಿನಲ್ಲಿ ಕಲಕಿ, ಬೇರೆ ಬೇರೆ ಕಣ್ಣಿನ ನೈಲಾನ್ ಚೀಲಗಳನ್ನು ಒಂದರೊಳಗೊಂದು ಇಟ್ಟು ಸೋಸಿದರೆ? ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಇದೇ ವಿಧಾನ ಆಗಲೇ ಪ್ರಸಿದ್ಧವಾಗಿತ್ತು, ಬೇರೆ ಒಂದು ಗಿಡಕ್ಕೆ. ಯಾವ ಗಿಡ ಎಂದು ಬಿಡಿಸಿ ಹೇಳಬೇಕಿಲ್ಲ. ಶಿವರಾತ್ರಿಯ ದಿನ ಉತ್ತರ ಭಾರತದ ಕಡೆ ಅದನ್ನು ಅರೆದು ಕುಡಿಯುತ್ತಾರೆ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದನ್ನು ಬೆಳೆದರೆ ಪೊಲೀಸರು ಬರುತ್ತಾರೆ.

ಚೀಲಗಳು ಸಿಕ್ಕಿದ್ದು ಮೋರ್ಲಿಯ ಹತ್ತಿರ, ಮಣ್ಣಿಲ್ಲದೆ ಗಿಡ ಬೆಳೆಸುವ ಸಾಮಾನಿನ ಒಂದು ಅಂಗಡಿಯಲ್ಲಿ. ನನ್ನದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಹಣೆಯಲ್ಲಿ ಬೆಳಗಿನ ಕುಂಕುಮ. ಹಚ್ಚೆ ತುಂಬಿದ ತೋಳಿನ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹುಲ್ಲಿನ ರಾಳ ತೆಗೆಯೋಕೆ ಬೇಕು," ಎಂದೆ.

"ನಾನೇನೂ ಕೇಳಲಿಲ್ಲವಲ್ಲ ಮೇಟ್."

"ಸ್ಪಿನಿಫೆಕ್ಸ್ ಹುಲ್ಲು. ಪಿಲ್ಬರಾದ್ದು."

"ಹೊಸ ತಳಿನಾ?" ಎಂದು ದನಿ ತಗ್ಗಿಸಿ ಕೇಳಿದ.

ನಾನು ಚೀಲದ ಅಂಚಿನ ಮೇಲಿನ ಮೈಕ್ರಾನ್ ಸಂಖ್ಯೆಗಳನ್ನು ಓದಿ, ಕಣ್ಣುಗಳ ಅಳತೆ ಎಷ್ಟು ನಿಖರ ಎಂದು ವಿಚಾರಿಸತೊಡಗಿದಾಗ ಅವನಿಗೆ ಗೌರವ ಬಂದಂತೆ ಕಂಡಿತು. "ಅಂಕಲ್‌ಗೆ ಒಂದು ಕಲಕೋ ಚಮಚ ಫ್ರೀ," ಎಂದ. ಹೊರಗೆ ಬಂದರೆ ನಮ್ಮ ಕನ್ನಡ ಕೂಟದ ಒಬ್ಬ ಯುವ ಜಿಯಾಲಜಿಸ್ಟ್ ಎದುರಿಗೇ ಕಾರು ನಿಲ್ಲಿಸುತ್ತಿದ್ದ. ಅಂಗಡಿಯ ಬೋರ್ಡು ನೋಡಿದ, ನನ್ನನ್ನು ನೋಡಿದ, ನಮಸ್ಕಾರ ಅಂಕಲ್ ಎಂದ. ನಾನು ಮನೆ ತಲುಪುವುದರೊಳಗೆ ಬ್ರಿಸ್ಬೇನ್‌ನಲ್ಲಿರುವ ಮಗಳು ಮೇಘಾಳ ಫೋನು. "ಅಪ್ಪಾ, ಆರ್ ಯು ಓಕೆ? ಈಸ್ ದೇರ್ ಸಮ್‌ಥಿಂಗ್ ಯು ವಾಂಟ್ ಟು ಟೆಲ್ ಅಸ್?" ನನ್ನ ಹೆಂಡತಿ ನಾಗರತ್ನ ಬಾಗಿಲಲ್ಲೇ ನಿಂತಿದ್ದಳು. "ರಿಟೈರ್ ಆಗೋಕೆ ಮುಂಚೆನೇ ಶುರು ಮಾಡ್ಕೊಂಡ್ರಾ?"

ಶನಿವಾರ ಬೆಳಿಗ್ಗೆ ಐದೂವರೆಗೆ, ಬಿಸಿಲೇರುವ ಮೊದಲು, ಕೆಲಸ ಹಚ್ಚಿದೆವು. ಡ್ಯಾರಿಲ್ ಸರ್ವೋದಿಂದ, ಅಂದರೆ ಪೆಟ್ರೋಲ್ ಬಂಕಿನಿಂದ, ನಾಲ್ಕು ಚೀಲ ಐಸ್ ತಂದ. ಬಕೆಟ್‌ನಲ್ಲಿ ಚೀಲಗಳನ್ನು ಕೂರಿಸಿ, ಐಸು, ನೀರು, ೬೦೦ ಗ್ರಾಂ ಪುಡಿ ಹಾಕಿ ಹದವಾಗಿ ಕಲಕಿದೆವು. ದೊಡ್ಡ ಕಣ್ಣಿನ ಚೀಲದಲ್ಲಿ ಕಡ್ಡಿ ಮತ್ತು ಮರಳು ನಿಂತವು. ನಡುವಿನ ಚೀಲಗಳಲ್ಲಿ ರಾಳ. ಕೊನೆಯ ಚೀಲದಲ್ಲಿ ಹತ್ತಿಯ ಹಾಗಿದ್ದ ಸಣ್ಣ ನಾರು ಮತ್ತು ಕೆಮ್ಮಣ್ಣಿನ ಕೆಸರು. ಮೂರು ಸಲ ತೊಳೆದೆವು. ನಡುವಿನ ಚೀಲ ತೆರೆದಾಗ ಬೆಲ್ಲದ ಪುಡಿಯ ಬಣ್ಣದ, ಹೊಳೆಯುವ ಹರಳುಗಳು. ನೆರಳಲ್ಲಿ ಒಣಗಿಸಿ ತೂಗಿದರೆ ೯೬ ಗ್ರಾಂ. ಭೂತಗನ್ನಡಿಯಲ್ಲಿ ಒಂದು ಎಳೆ ನಾರಿಲ್ಲ, ಒಂದು ಕಣ ಮಣ್ಣಿಲ್ಲ. ಇಷ್ಟು ಶುದ್ಧವಾದ ಕಾನ್ಸನ್‌ಟ್ರೇಟನ್ನು ನನ್ನ ಜನ್ಮದಲ್ಲಿ ತೆಗೆದಿರಲಿಲ್ಲ.

ಕಡ್ಡಿ, ನಾರು, ಕೆಸರು, ತೊಳೆದ ನೀರು ಎಲ್ಲವನ್ನೂ ಒಂದು ದೊಡ್ಡ ಟಬ್ಬಿಗೆ ಸುರಿದು, ನಾಗರತ್ನಳಿಗೆ ಹೇಳಿದೆ: "ಕರಿಬೇವಿನ ಗಿಡಕ್ಕೆ ಹಾಕಿಬಿಡು. ಟೇಲಿಂಗ್ಸ್."

ಅವಳು ಟಬ್ಬಿನೊಳಗೆ ಒಮ್ಮೆ ಬಗ್ಗಿ ನೋಡಿದಳು.

ಬುಧವಾರ ಸಂಜೆ ಡ್ಯಾರಿಲ್ ಒಂದು ಸಾದಾ ಕೋಲು, ಒಂದು ಸಾದಾ ಕಲ್ಲು ಹಿಡಿದು ಬಂದ. ಅಸಲಿ ಉಳಿಯನ್ನು ಮುಟ್ಟುವ ಮೊದಲು ಪರೀಕ್ಷೆಯಾಗಲಿ ಎಂದು. ಐದು ಗ್ರಾಂ ರಾಳ ಬೆಚ್ಚಗೆ ಮಾಡಿ ಕಲ್ಲು ಕೂರಿಸಿದ. ಕಪ್ಪಗೆ, ಕನ್ನಡಿಯ ಹಾಗೆ ಮಿನುಗಿತು. ಆರಿದ ಮೇಲೆ ಒಂದು ಹಲಗೆಗೆ ಮೆಲ್ಲಗೆ ಕುಟ್ಟಿದ. ಟಕ್ ಎಂದು ರಾಳ ಗಾಜಿನಂತೆ ಒಡೆದು, ಕಲ್ಲು ಗ್ಯಾರೇಜಿನ ಮೂಲೆಗೆ ಹೋಗಿ ಬಿತ್ತು.

ಡ್ಯಾರಿಲ್ ಚೂರುಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಭಾನುವಾರ ಅವಳಿಗೆ ಏನು ಹೇಳ್ಲಿ, ಮೂರ್ತಿ?" ಎಂದ.

ಕಾಫಿ ತಂದ ನಾಗರತ್ನ ಚೂರುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಅವಳು ತಿಪಟೂರಿನ ಅಕ್ಕಸಾಲಿಗರ ಮನೆಯ ಮಗಳು.

"ಇದಕ್ಕೆ ಏನು ಬೆರೆಸಿದ್ರಿ?"

"ಏನಕ್ಕೆ ಬೆರೆಸಬೇಕು? ಪ್ಯೂರ್ ಇದೆ."

"ಅಯ್ಯೋ ರೀ, ಬರೀ ಅರಗು ಎಲ್ಲಾದ್ರೂ ನಿಲ್ಲುತ್ತಾ? ನಮ್ಮಪ್ಪ ಕತ್ತಿಗೆ ಹಿಡಿ ಕೂರಿಸ್ಬೇಕಾದ್ರೆ ಅರಗಿಗೆ ಇಟ್ಟಿಗೆ ಪುಡಿ ಹಾಕೋರು. ಇಲ್ದಿದ್ರೆ ಹಿಂಗೇ ಪಟ್ ಅನ್ನುತ್ತೆ. ಇಷ್ಟು ವರ್ಷ ಓದಿದ್ದು ಏನು?"

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಡ್ಯಾರಿಲ್ ಫೋನು ತೆಗೆದು ಆಂಟಿಗೆ ಹಚ್ಚಿ ಸ್ಪೀಕರ್‌ಗೆ ಹಾಕಿದ. ನಡೆದದ್ದನ್ನು ಕೇಳಿ ಆ ಕಡೆಯಿಂದ ಉದ್ದನೆಯ ನಗು, ಆಮೇಲೆ ಕೆಮ್ಮು.

"ನಾರೆಲ್ಲಾ ತೊಳೆದುಬಿಟ್ರಾ? ಅದೇ ಅಲ್ವೇನೋ ಹಿಡಿಯೋದು! ಆ ಹುಲ್ಲಿನ ನಾರೇ ಹೋಗಬೇಕು ಅದರೊಳಗೆ."

"ನೀನು ಹೇಳಲೇ ಇಲ್ಲವಲ್ಲ ಆಂಟಿ!"

"ನೀವು ಕೇಳಿದ್ರಾ? ಕುದಿಸಬೋದಾ ಅಂದ್ರಿ, ಬೇಡ ಅಂದೆ."

"ನೂರು ಗ್ರಾಂ ರಾಳಕ್ಕೆ ಎಷ್ಟು ಗ್ರಾಂ ನಾರು ಹಾಕಬೇಕು?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಯಾರವನು? ಗ್ರಾಂ ಗೀಂ ಏನಿಲ್ಲ. ಒದ್ದೆ ಹೆಬ್ಬೆರಳಿಗೆ ಅಂಟೋದು ನಿಲ್ಲೋ ತನಕ."

ಫೋನು ಇಟ್ಟ ಮೇಲೆ ನನಗೆ ಟಬ್ಬು ನೆನಪಾಯಿತು. ಆ ಜಾಗದ ಹುಲ್ಲು ಜಗತ್ತಿನಲ್ಲಿ ಇದ್ದದ್ದು ಆ ಚೀಲದಲ್ಲಿ ಮಾತ್ರ. ಅದರ ನಾರನ್ನು ಕರಿಬೇವಿನ ಬುಡಕ್ಕೆ ಕಳಿಸಿ ನಾಲ್ಕು ದಿನವಾಗಿತ್ತು. ಮೆಟಲರ್ಜಿಯಲ್ಲಿ ನಾನು ಹುಡುಗರಿಗೆ ಮೊದಲ ದಿನವೇ ಹೇಳಿಕೊಡುವ ಪಾಠವಿದೆ: ಕೊನೆಯ ಪರೀಕ್ಷೆಯ ಫಲಿತಾಂಶ ಕೈಗೆ ಬರುವವರೆಗೆ ಟೇಲಿಂಗ್ಸ್ ಚೆಲ್ಲಬಾರದು. ಕಲ್ಲಿನ ವಿಷಯದಲ್ಲಿ ಒಮ್ಮೆಯೂ ಮರೆಯದವನು, ಹುಲ್ಲು ಎಂದು ಸದರ ಮಾಡಿದ್ದೆ. ಟಾರ್ಚು ಹುಡುಕುತ್ತಾ, ಕರಿಬೇವಿನ ಕುಂಡದ ಮಣ್ಣನ್ನೆಲ್ಲ ತೋಡಿ ಮತ್ತೆ ತೊಳೆಯಬಹುದೇ ಎಂದು ಲೆಕ್ಕ ಹಾಕತೊಡಗಿದೆ.

"ಎಲ್ಲಿಗೆ?" ಎಂದಳು ನಾಗರತ್ನ.

"ಕರಿಬೇವಿನ ಹತ್ತಿರ."

"ಅಲ್ಲಿಲ್ಲ. ಬಟ್ಟೆ ಒಗೆಯೋ ರೂಮಲ್ಲಿದೆ, ಮುಚ್ಚಿಟ್ಟಿದ್ದೀನಿ. ನಾಲ್ಕು ದಿನದಿಂದ ನಾತ ಬರ್ತಿದೆ, ಯಾರಾದ್ರೂ ಕೇಳ್ತೀರೇನೋ ಅಂತ ಕಾಯ್ತಿದ್ದೆ."

ಅವಳು ಡ್ಯಾರಿಲ್‌ಗೆ ತನ್ನ ಇಂಗ್ಲಿಷಿನಲ್ಲಿ ವಿವರಿಸಿದಳು. ಅಕ್ಕಸಾಲಿಗರ ಮನೆಯಲ್ಲಿ ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ, ಗುಡಿಸಿದ ಕಸವನ್ನೂ ಬಿಸಾಡುವುದಿಲ್ಲ. ಎಲ್ಲವನ್ನೂ ಕೂಡಿಡುತ್ತಾರೆ. ವರ್ಷಕ್ಕೊಮ್ಮೆ ಜಲಗಾರರು ಬಂದು ಆ ಕಸವನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಾರೆ. ಗಂಡ ಹೇಳಿದನೆಂದು ತೊಳೆದ ನೀರನ್ನು ಚೆಲ್ಲಲು ಅವಳಿಗೆ ಕೈ ಬರಲಿಲ್ಲ, ಅಷ್ಟೇ.

"ನಮ್ಮ ಲ್ಯಾಬಿನಲ್ಲಿ ಇವರಿಗೆ ಕೆಲಸ ಕೊಡಬೇಕಿತ್ತು, ನಿನಗಲ್ಲ," ಎಂದ ಡ್ಯಾರಿಲ್. ಆ ಸಂಜೆ ಅವನು ಮೊದಲ ಸಲ ನಕ್ಕದ್ದು ಆಗ.

ಟಬ್ಬಿನ ನೀರು ನಿಜಕ್ಕೂ ನಾರುತ್ತಿತ್ತು. ಮರಳೂ ಮಣ್ಣೂ ತಳಕ್ಕೆ ಇಳಿದಿದ್ದವು, ನಾರು ಮೇಲೆ ಕೆನೆಯಂತೆ ನಿಂತಿತ್ತು. ಅದನ್ನು ನನ್ನ ಹಳೆಯ ಪಂಚೆಯಲ್ಲಿ ಸೋಸಿ, ತಣ್ಣೀರಲ್ಲಿ ಜಾಲಿಸಿ ಒಣಗಿಸಿದೆವು. ಶುಕ್ರವಾರ ಇನ್ನೊಂದು ಐದು ಗ್ರಾಂ ರಾಳಕ್ಕೆ ನಾರು ಬೆರೆಸಿ ಪರೀಕ್ಷಿಸಿದೆವು. ಈ ಸಲದ್ದು ಹೊಳೆಯಲಿಲ್ಲ, ಮಂಕಾಗಿ ಸಗಣಿಯುಂಡೆಯ ಹಾಗಿತ್ತು. ಡ್ಯಾರಿಲ್ ಹಲಗೆಗೆ ಕುಟ್ಟಿದ. ಜೋರಾಗಿ ಕುಟ್ಟಿದ. ಕೋಲು ಸೀಳಿತು, ಕಲ್ಲು ಅಲ್ಲಾಡಲಿಲ್ಲ. ಉಳಿದ ೮೬ ಗ್ರಾಂನಲ್ಲಿ ಅಜ್ಜನ ಉಳಿಯನ್ನು ಅವನು ತನ್ನ ಮನೆಯಲ್ಲಿ, ಆಂಟಿಯನ್ನು ಫೋನಿನಲ್ಲಿಟ್ಟುಕೊಂಡು ಕೂರಿಸಿದ. ಅದು ಅವರ ಮನೆಯ ಕೆಲಸ, ನಾನು ಅಲ್ಲಿರಲಿಲ್ಲ.

ಭಾನುವಾರ ಹಾಸ್ಟೆಲಿನ ಹಿಂದಿನ ಮರದ ನೆರಳಿಗೆ ನಮ್ಮನ್ನೂ ಕರೆದಿದ್ದ. ಐವಿ ಆಂಟಿ ಗಾಲಿಕುರ್ಚಿಯಲ್ಲಿದ್ದರು. ಉಳಿಯನ್ನು ತೊಡೆಯ ಮೇಲಿಟ್ಟುಕೊಂಡು, ರಾಳದ ಉಂಡೆಯ ಸುತ್ತ ಹೆಬ್ಬೆರಳನ್ನು ಎರಡು ಸುತ್ತು ಆಡಿಸಿದರು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಡ್ಯಾರಿಲ್ ಹಿಡಿದಿದ್ದ ಒಂದು ಮರದ ತುಂಡಿಗೆ ನಡುಗುವ ಕೈಯಲ್ಲೇ ಉಳಿ ಆನಿಸಿ ತಳ್ಳಿದರು. ಒಂದು ಸಣ್ಣ ಸಿಪ್ಪೆ ಸುರುಳಿಯಾಗಿ ಎದ್ದು ಅವರ ಮಡಿಲಿಗೆ ಬಿತ್ತು. ಅದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಸೊಟ್ಟ ಕೂರಿಸಿದ್ದೀಯ," ಎಂದರು ಡ್ಯಾರಿಲ್‌ಗೆ. "ನಮ್ಮಪ್ಪನೂ ಸೊಟ್ಟನೇ ಕೂರಿಸ್ತಿದ್ದ." ಡ್ಯಾರಿಲ್ ಮುಖ ತಿರುಗಿಸಿ ಮರದ ಕಡೆ ನೋಡತೊಡಗಿದ.

ಆಮೇಲೆ ನನ್ನತ್ತ ತಿರುಗಿದರು. "ನೀನೇನಾ ಆ ತೊಳೆಯೋನು?"

"ಹೌದು ಆಂಟಿ." ವಯಸ್ಸಿನಲ್ಲಿ ಹಿರಿಯರನ್ನು ಅವರೂ ಹಾಗೇ ಕರೆಯುತ್ತಾರೆ, ನಾವೂ ಹಾಗೇ.

"ಚೆನ್ನಾಗಿ ತೊಳೀತೀಯ. ಮುಂದಿನ ಸಲ ಮೊದಲು ಬಂದು ಕೇಳು."

ನನ್ನ ಕೊನೆಯ ಎಂಟು ತಿಂಗಳು ಲ್ಯಾಬಿಗೆ ಬಂದ ಪ್ರತಿ ಟ್ರೇನಿಗೂ ಈ ಕಥೆ ಹೇಳಿದ್ದೇನೆ. ಶುದ್ಧ ಮಾಡುವುದು ನಮಗೆ ಗೊತ್ತು. ಯಾವುದಕ್ಕಾಗಿ ಶುದ್ಧ, ಎಷ್ಟು ಶುದ್ಧ ಎಂಬುದು ಅದನ್ನು ಬಳಸುವವರಿಗೆ ಗೊತ್ತು. ಮೂವತ್ತನಾಲ್ಕು ವರ್ಷ ನಾನು ಸ್ಯಾಂಪಲ್ಲನ್ನು ಪ್ರಶ್ನೆ ಕೇಳಿದ್ದೆ, ಸ್ಯಾಂಪಲ್ ತಂದವರನ್ನು ಕೇಳಿದ್ದು ಕಡಿಮೆ.

ಅಂದು ಹಾಸ್ಟೆಲಿನಿಂದ ಮನೆಗೆ ಬಂದು ಕಾರು ನಿಲ್ಲಿಸುತ್ತಿದ್ದಂತೆ ನಾಗರತ್ನ ಮೂಗು ಮುಚ್ಚಿಕೊಂಡು ಕೇಳಿದಳು: "ಇನ್ನಾದ್ರೂ ಆ ಟಬ್ಬಿನ ನೀರು ಕರಿಬೇವಿಗೆ ಹಾಕ್ಲಾ?"

"ತಡಿ," ಎಂದೆ, ಫೋನು ತೆಗೆಯುತ್ತಾ. "ಡ್ಯಾರಿಲ್‌ನ್ನ ಒಂದು ಮಾತು ಕೇಳ್ತೀನಿ."