ಆಲೂಗಡ್ಡೆ ಸೂಪಿಗೆ ನಾಲ್ಕು ಹುಣಸೆಬೀಜ

ಬೆಳಿಗ್ಗೆ ಸೋಫಾದ ಕೆಳಗೆ ಗುಡಿಸುವಾಗ ಏನೋ ಕಟಕಟ ಉರುಳಿತು. ಬಗ್ಗಿ ನೋಡಿದರೆ ಹುಣಸೆಬೀಜ. ಒಬ್ಬಳೇ ನಕ್ಕೆ. ಇದರ ಕಥೆ ನೀಲಾಳಿಗೆ ಗೊತ್ತು. ಮೊಮ್ಮಕ್ಕಳೇ, ಅವಳ ತಮ್ಮ ತಂಗಿಯರಾದ ನಿಮಗೆ ಗೊತ್ತಿಲ್ಲ.

ನಿಮ್ಮಮ್ಮ ಡಚ್ಚರ ಮಗಳಲ್ಲವೇ? ಅವಳ ತಾಯಿ, ನಿಮ್ಮ ಓಮಾ, ಪ್ರತಿ ಶನಿವಾರ ವಿಡಿಯೋದಲ್ಲಿ ಬಂದಾಗ ನಾನು ಪ್ಯಾಂಟ್ರಿಯೊಳಗೆ ಸೇರಿಕೊಂಡು ಡಬ್ಬಿ ಜೋಡಿಸುತ್ತಿದ್ದೆ. ಬೀಗಿತ್ತಿಯ ಎದುರು ಏನಂತ ಮಾತಾಡುವುದು? ನಿಮ್ಮಪ್ಪನ ಮದುವೆಯಲ್ಲೂ ಕೈಮುಗಿದು ನಕ್ಕಿದ್ದಷ್ಟೇ. ನನ್ನ ಪ್ಯಾಂಟ್ರಿಯಷ್ಟು ಓರಣವಾದದ್ದು ಇಡೀ ಸಾಂಟಾ ಕ್ಲಾರಾದಲ್ಲಿ ಇರಲಿಲ್ಲ.

ನೀಲಾಳಿಗೆ ಆಗ ಏಳು ವರ್ಷ. ಓಮಾಗೆ ಡಚ್ಚಿನಲ್ಲಿ ಒಂದು ಪುಟ ಓದಿ ಹೇಳಬೇಕಿತ್ತು. ಅಮ್ಮ ಊರಿನಲ್ಲಿಲ್ಲ. ಪುಟದಲ್ಲಿ ರೈಲಿನಂಥ ಪದ: ಆರ್ಡಪ್ಪೆಲ್ಸೂಪ್. ಆಲೂಗಡ್ಡೆ ಸೂಪು, ಅಷ್ಟೇ.

“ಅಜ್ಜಿ, ಇದು ತುಂಬಾ ಲಾಂಗು!”

ನಮ್ಮೂರ ಮೇಷ್ಟ್ರು ನೆನಪಾದರು. ಪದ್ಯ ಓದಿಸುವಾಗ ಲಘುವಿಗೆ ತೊಗರಿಕಾಳು, ಗುರುವಿಗೆ ಹುಣಸೆಬೀಜ ಇಡಿಸುತ್ತಿದ್ದರು. ನಾನೂ ನಮ್ಮ ಲೆಕ್ಕದಲ್ಲೇ ಒಡೆದೆ: ಆರ್, ಡಪ್, ಪೆಲ್, ಸೂಪ್. ನಾಲ್ಕೂ ಗುರು. ನಾಲ್ಕು ಹುಣಸೆಬೀಜ ಇಟ್ಟು, ದೊಡ್ಡ ಪಂಡಿತಳಂತೆ ಪ್ಯಾಂಟ್ರಿಗೆ ಹೋದೆ.

ನೀಲಾ ಬೀಜಕ್ಕೊಂದು ಸಲ ಮೇಜು ಗುದ್ದಿ ಓದಿದಳು. ಓಮಾ ಬಿದ್ದುಬಿದ್ದು ನಕ್ಕರು. ಸೂಪು ಕುಡೀತೀಯೋ, ಗೋಡೆ ಒಡೀತೀಯೋ ಎಂದರಂತೆ. ಪುಸ್ತಕ ಪಟ್ಟನೆ ಮುಚ್ಚಿದ ಸದ್ದು.

“ನಾನು ಇನ್ಮೇಲೆ ಓದಲ್ಲ ಅಜ್ಜಿ. ನೆವರ್!”

ತಪ್ಪು ನನ್ನದು, ನಗೆಪಾಟಲು ಮಗುವಿನದು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕ್ಯಾಮೆರಾದ ಮುಂದೆ ಬೀಜ ಹಿಡಿದೆ. “ಮೈ ಮಿಸ್ಟೇಕು,” ಎಂದೆ. ಬೀಗಿತ್ತಿಗೆ ನಾನಾಡಿದ ಮೊದಲ ಮಾತು!

ಓಮಾ ನಗು ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಒಂದು ಬೆರಳೆತ್ತಿ ತೋರಿಸಿದರು: ಭಾರವೆಲ್ಲ ಮೊದಲ ತುಂಡಿಗೆ, ಉಳಿದವು ಹಗುರ. ಒಡೆಯುವುದೂ ಬೆಸುಗೆ ಇದ್ದಲ್ಲೇ: ಆರ್ಡ್, ಅಪ್ಪೆಲ್, ಸೂಪ್. ಭೂಮಿ, ಸೇಬು, ಸೂಪು; ಭೂಮಿಯ ಸೇಬೆಂದರೆ ಆಲೂಗಡ್ಡೆ. ನಾವು ಸಂಧಿ ಮಾಡಿ ಅಳಿಸುವ ಗೆರೆಯನ್ನು ಅವರು ಜೋಪಾನ ಮಾಡುತ್ತಾರೆ.

“ಯು ಫಸ್ಟ್,” ಎಂದರು ನನಗೆ.

ಓದಿದೆ. ಮತ್ತೆ ಗೋಡೆಯೇ ಒಡೆಯಿತು. “ಅಯ್ಯೋ ಅಜ್ಜಿ, ಸಾಫ್ಟಾಗಿ! ಹೀಗೆ!” ನೀಲಾ ಪುಸ್ತಕ ತೆರೆದು ನನಗೆ ಕಲಿಸಲು ಕೂತಳು. ಪುಟ ಮುಗಿದದ್ದು ಅವಳಿಗೇ ತಿಳಿಯಲಿಲ್ಲ.

ಇವತ್ತೂ ಶನಿವಾರ. ನೀವೆಲ್ಲ ಗಿಲ್‌ರಾಯ್‌ಗೆ ಶಾಪಿಂಗು ಹೋಗಿದ್ದೀರಿ. ಮೇಜಿನ ಮೇಲೆ ಐಪ್ಯಾಡು ರಿಂಗಾಯಿತು. ಬೀಜವನ್ನು ಅಂಗೈಯಲ್ಲಿ ಹಿಡಿದೇ ಹಸಿರು ಬಟನ್ನು ಒತ್ತಿದೆ. ಏನಡುಗೆ ಎಂದು ಓಮಾ ಕೇಳಿದರು.

“ಆರ್ಡಪ್ಪೆಲ್ ಪಲ್ಯ,” ಎಂದೆ.

ಪಲ್ಯ ಅಂದರೇನು ಎಂದರು. ಕುರ್ಚಿ ಎಳೆದುಕೊಂಡು ಕೂತೆ.