ಎರಡನೆಯ ಸನ್ನೆ

ಸಾಫ್ಟ್‌ಬಾಲ್ ಒಂಬತ್ತು ಜನರ ಆಟ ಎನ್ನುವವರು ಒಮ್ಮೆಯಾದರೂ ಚೆಂಡು ಎಸೆಯುವ ಪಿಚರ್ ನಿಲ್ಲುವ ಆ ಸುಣ್ಣದ ವೃತ್ತದೊಳಗೆ ನಿಂತು ನೋಡಬೇಕು. ಸುತ್ತ ಎಲ್ಲರೂ ಇರುತ್ತಾರೆ, ಹತ್ತಿರ ಒಂದು ನರಪಿಳ್ಳೆಯೂ ಇರುವುದಿಲ್ಲ. ಗೆದ್ದರೆ ತಂಡ ಗೆದ್ದಿತು ಅನ್ನುತ್ತಾರೆ, ಸೋತರೆ ಎಲ್ಲರ ಕಣ್ಣೂ ವೃತ್ತದ ಕಡೆಗೇ. ನಾನು ಹೇಳಹೊರಟ ಈ ಹುಡುಗಿಗೆ ಆ ಜಾಗ ಬೇಗ ಒಗ್ಗಿತು. ಒಂಟಿಯಾಗಿರುವುದು ಅವಳಿಗೆ ಹೊಸದೇನಲ್ಲವಲ್ಲ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅಮ್ಮನಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಒಬ್ಬರು ಬರುವ ಹೊತ್ತಿಗೆ ಇನ್ನೊಬ್ಬರು ಹೊರಡುವ ಮನೆ ಅದು. ಕೊರಳಿಗೆ ಬೀಗದ ಕೈ ನೇತುಹಾಕಿಕೊಂಡು ಶಾಲೆಯಿಂದ ಬರುವ ಹುಡುಗಿಗೆ ಜೊತೆಯೆಂದರೆ ಕಟ್ಟಡದ ಹಿಂದಿನ ನೀರಿನ ಟ್ಯಾಂಕಿನ ಗೋಡೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದುಕೊಂಡು, ತೋಳನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ಸೊಂಟದ ಹತ್ತಿರದಿಂದ ಚೆಂಡು ಬಿಡುತ್ತಿದ್ದಳು. ಮೇಲಿನ ಮನೆಯ ಮುದುಕ ಕಿಟಕಿ ತೆರೆದು ಗದರುವವರೆಗೂ ಅದೇ ಸದ್ದು. ಗೋಡೆಯಾದರೂ ಎಸೆದದ್ದನ್ನು ತಿರುಗಿ ಕೊಡುತ್ತದೆ, ಇವಳ ಬಾಯಿಂದ ಒಂದು ಮಾತು ಬರಬೇಕಾದರೆ ತಪಸ್ಸು ಮಾಡಬೇಕು ಎಂದು ಅಮ್ಮ ಅನ್ನುತ್ತಿದ್ದಳು. ಕಾಲೇಜಿಗೆ ಬಂದ ವಾರದಲ್ಲೇ ತಂಡದ ಹುಡುಗಿಯರು ಅವಳಿಗೆ ಗೋಡೆ ಎಂದೇ ಹೆಸರಿಟ್ಟರು.

ಅವಳ ಚೆಂಡನ್ನು ಹಿಡಿಯಲು ಯಾರೂ ಮುಂದೆ ಬರುತ್ತಿರಲಿಲ್ಲ. ಹಿಡಿದದ್ದು ಒಬ್ಬಳೇ, ಅವಳಿಗಿಂತ ಎರಡು ವರ್ಷ ದೊಡ್ಡ ಕ್ಯಾಚರ್. ಏನು ಎಸೆದರೂ ಒಳಗೆ ಬೀಳುತ್ತದೆ ಎಂದು ಆಕೆಗೆ ಬುಟ್ಟಿ ಎನ್ನುತ್ತಿದ್ದರು. ಮೊದಲ ದಿನ ಇಪ್ಪತ್ತು ಚೆಂಡು ಹಿಡಿದು, ಗ್ಲೌಸ್ ಕಿತ್ತು ಕೆಂಪಗಾದ ಅಂಗೈಯನ್ನು ಕೊಡವುತ್ತಾ ಬುಟ್ಟಿ ನೇರವಾಗಿ ವೃತ್ತಕ್ಕೇ ಬಂದಳು.

"ಇದು ಕೈಯೋ ಕವಣೆಯೋ? ನಾಳೆಯಿಂದ ಒಂದು ಗಂಟೆ ಮುಂಚೆ ಬಾ. ಮೊದಲು ನಾವಿಬ್ರೂ ಒಗ್ಗಬೇಕು."

ಅಲ್ಲಿಂದ ಎರಡು ವರ್ಷ ಅವರದು ಎಂಥಾ ಜೋಡಿ ಅಂತೀರಿ! ಬುಟ್ಟಿ ಬಾಯಿಬಡುಕಿ, ಇವಳು ಬರೀ ಕೇಳುವವಳು. ಬುಟ್ಟಿ ತನ್ನ ಡಬ್ಬಿಯಲ್ಲಿ ಅರ್ಧ ಇವಳ ಮುಂದೆ ತಳ್ಳುತ್ತಾ ಮನೆಯ ಜಗಳವನ್ನೆಲ್ಲ ಹೇಳುತ್ತಿದ್ದಳು. ತಾನು ಶಾಲೆಯೊಂದರಲ್ಲಿ ಆಟದ ಟೀಚರ್ ಆಗಬೇಕು, ಆ ತರಬೇತಿಗೆ ಸೀಟು ಸಿಗಬೇಕಾದರೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿರಬೇಕು ಎನ್ನುತ್ತಿದ್ದಳು. ಇಲ್ಲದಿದ್ದರೆ ಚಿಕ್ಕಪ್ಪನ ಶೂ ಅಂಗಡಿಯಲ್ಲಿ ಕಂಡವರ ಕಾಲು ಹಿಡಿಯುವುದೇ ಗತಿ ಎಂದು ತಾನೇ ನಗುತ್ತಿದ್ದಳು. ಗೋಡೆ ನಕ್ಕದ್ದನ್ನು ಕಾಲೇಜಿನಲ್ಲಿ ಕಂಡವಳು ಬುಟ್ಟಿ ಒಬ್ಬಳೇ.

ಇಬ್ಬರ ನಡುವಿನ ಭಾಷೆ ಬೆರಳಿನದು. ಕ್ಯಾಚರ್ ಕುಕ್ಕರಗಾಲಲ್ಲಿ ಕೂತು ತೊಡೆಯ ಸಂದಿಯಲ್ಲಿ ಬೆರಳು ತೋರಿಸುತ್ತಾಳೆ. ಒಂದಾದರೆ ನೇರ ವೇಗದ ಚೆಂಡು, ಎರಡಾದರೆ ಕೊನೆಯಲ್ಲಿ ಕೆಳಗಿಳಿಯುವುದು, ಮೂರಾದರೆ ಮೇಲೇಳುವುದು. ಆದರೆ ಎದುರಾಳಿ ಓಟಗಾರ್ತಿ ಪಿಚರ್ ಬೆನ್ನ ಹಿಂದಿನ ಎರಡನೇ ಬೇಸಿನಲ್ಲಿ ನಿಂತಿದ್ದರೆ ಅವಳಿಗೂ ಆ ಬೆರಳು ಕಾಣುತ್ತದೆ. ಆಗ ಬುಟ್ಟಿ ಮೂರು ಸನ್ನೆ ತೋರಿಸುವಳು. ಮೊದಲನೆಯದೂ ಕೊನೆಯದೂ ಕಣ್ಣಿಗೆ ಮಣ್ಣೆರಚುವುದಕ್ಕೆ, ಎರಡನೆಯದೇ ನಿಜ. ಎರಡನೇದು ನೋಡು, ಎರಡನೇದು ನೋಡು ಎಂದು ಊಟ ಮಾಡುವಾಗಲೂ ಹೇಳುತ್ತಿದ್ದಳು.

ಬುಟ್ಟಿಯ ಕೊನೆಯ ವರ್ಷದ ಅಂತರಕಾಲೇಜು ಫೈನಲ್. ವಿಶ್ವವಿದ್ಯಾಲಯದ ತಂಡದ ಆಯ್ಕೆಗಾರರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೊನೆಯ ಸರದಿ, ಸ್ಕೋರು ಸಮಸಮ, ಎದುರಾಳಿಗಳದು ಎರಡು ಔಟಾಗಿತ್ತು, ಇನ್ನೊಂದಾದರೆ ಅವರ ಸರದಿ ಮುಗಿದಂತೆ. ಎರಡನೇ ಬೇಸಿನಲ್ಲೊಬ್ಬಳು, ಮೂರನೆಯದರಲ್ಲೊಬ್ಬಳು. ಬುಟ್ಟಿ ಕೂತು ತೋರಿಸಿದಳು: ಮೂರು, ಎರಡು, ಒಂದು. ಗೋಡೆಯ ತೋಳು ಸೀಸದ ಹಾಗೆ ಭಾರವಾಗಿತ್ತು, ಕಣ್ಣಿಗೆ ಬೆವರು ಇಳಿಯುತ್ತಿತ್ತು. ಅವಳು ಮೊದಲ ಸನ್ನೆಯನ್ನು ನೋಡಿದವಳೇ ಸರಿ ಎಂದು ತಲೆಯಾಡಿಸಿಬಿಟ್ಟಳು.

ಚೆಂಡು ಬೆರಳು ಬಿಟ್ಟ ಗಳಿಗೆಯಲ್ಲೇ ಅವಳಿಗೆ ಗೊತ್ತಾಯಿತು. ಕೆಳಗಿಳಿಯುವ ಚೆಂಡಿಗಾಗಿ ಬುಟ್ಟಿ ಗ್ಲೌಸನ್ನು ನೆಲಕ್ಕೆ ಊರಿದ್ದಳು. ಚೆಂಡು ಮೇಲೆದ್ದಿತು. ಬುಟ್ಟಿ ಗಡಬಡಿಸಿ ಕೈ ಎತ್ತಿದಳು, ಚೆಂಡು ಗ್ಲೌಸಿನ ತುದಿಗೆ ತಾಗಿ ಹಿಂದಿನ ಜಾಲರಿಗೆ ಹೋಗಿ ಬಡಿಯಿತು. ಮೂರನೇ ಬೇಸಿನವಳು ಓಡಿ ಬಂದು ಹೋಮ್ ಮುಟ್ಟಿ ಗೆಲುವಿನ ರನ್ ಗಳಿಸಿದಳು. ಆಟ ಮುಗಿಯಿತು.

ಎಟುಕುವ ಚೆಂಡನ್ನು ಕೈಬಿಟ್ಟರೆ ತಪ್ಪು ಕ್ಯಾಚರ್‌ದು. ಸ್ಕೋರು ಬರೆಯುವವನಿಗೆ ಸನ್ನೆಯ ವಿಷಯ ಏನು ಗೊತ್ತು, ಪಾಪ? ಅವನು ಬುಟ್ಟಿಯ ಹೆಸರಿಗೇ ಬರೆದ. ಕೋಚ್ ಹುಡುಗಿಯರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಏನಾಯ್ತು ಎಂದು ಕೇಳಿದರು. ಗೋಡೆ ಹೇಳಬೇಕಾದದ್ದು ನಾಲ್ಕೇ ಮಾತು: ಸನ್ನೆ ತಪ್ಪಿದ್ದು ನಾನು ಸರ್.

"ನಂದೇ ತಪ್ಪು ಸರ್, ಕೈ ತಡವಾಯ್ತು" ಎಂದಳು ಬುಟ್ಟಿ.

ಗೋಡೆ ಬಾಯಿ ತೆರೆಯಲಿಲ್ಲ. ಹೆದರಿದಳೋ, ಆಯ್ಕೆಗಾರರ ಕಡೆ ಕಣ್ಣು ಹೋಯಿತೋ, ಹುಟ್ಟಿದಾಗಿನಿಂದ ಬಾಯಿ ಮುಚ್ಚಿಕೊಂಡೇ ಇದ್ದ ಅಭ್ಯಾಸವೋ! ಯಾವುದಾದರೇನು, ನನಗಂತೂ ಅವಳ ಮೇಲೆ ಇವತ್ತಿಗೂ ಸಿಟ್ಟಿದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಆಡದಿದ್ದರೂ ಹೋಗುತ್ತದೆ.

ವಾರದ ನಂತರ ವಿಶ್ವವಿದ್ಯಾಲಯದ ತಂಡದ ಪಟ್ಟಿ ಬಂತು. ಗೋಡೆಯ ಹೆಸರಿತ್ತು, ಬುಟ್ಟಿಯದಿರಲಿಲ್ಲ. ಪರೀಕ್ಷೆ ಮುಗಿಸಿದ ಬುಟ್ಟಿ ಮತ್ತೆ ಮೈದಾನದ ಕಡೆ ಬರಲಿಲ್ಲ.

ಮುಂದಿನ ಎರಡು ವರ್ಷ ಗೋಡೆಯ ಆಟ ನೋಡಿದವರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಒಂದು ಪಂದ್ಯದಲ್ಲಿ ಹದಿನಾಲ್ಕು ಜನರನ್ನು ಬ್ಯಾಟಿಗೆ ಚೆಂಡು ತಾಗಗೊಡದೆ ಕಳಿಸಿದಳು. ಆದರೆ ಅವಳದೊಂದು ವಿಚಿತ್ರ ಚಾಳಿ ಶುರುವಾಗಿತ್ತು. ಎರಡನೇ ಬೇಸಿನಲ್ಲಿ ಯಾರಾದರೂ ನಿಂತರೆ ಸಾಕು, ವೃತ್ತ ಬಿಟ್ಟು ಹೊಸ ಕ್ಯಾಚರ್ ಹತ್ತಿರ ನಡೆದುಹೋಗಿ ಯಾವ ಚೆಂಡು ಎಂದು ಕಿವಿಯಲ್ಲಿ ಕೇಳಿಕೊಂಡು ಬರುವಳು. ಅಂಪೈರ್ ಎರಡು ಸಲ ಗದರಿದ. ಹೊಸ ಕ್ಯಾಚರ್‌ಗೆ ಅವಮಾನ, ನನ್ನ ಬೆರಳಿಗೇನು ರೋಗ ಬಂದಿದೆಯಾ ಎಂದು ಮುಖ ತಿರುಗಿಸಿದಳು. ಬೇರೆ ಊರಿಗೆ ಆಡಲು ಹೋದಾಗ ಹಾಸ್ಟೆಲಿನ ಎಂಟು ಮಂಚದ ಕೋಣೆಯಲ್ಲಿ ಏಳು ಜನ ಒಂದು ಕಡೆ ಗುಂಪು ಸೇರಿ ಹರಟಿದರೆ, ಇವಳು ಬಾಗಿಲ ಬಳಿಯ ಮಂಚದಲ್ಲಿ ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಯಾರಾದರೂ ಬುಟ್ಟಿಯ ಹೆಸರೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಳು. ತುಂಬಾ ಒಂಟಿಯಾಗಿದ್ದಳು. ಈ ಒಂಟಿತನವನ್ನು ತಾನೇ ಕಟ್ಟಿಕೊಂಡದ್ದು ಎಂಬುದೂ ಅವಳಿಗೆ ಗೊತ್ತಿತ್ತು.

ಬುಟ್ಟಿಯ ಚಿಕ್ಕಪ್ಪನ ಶೂ ಅಂಗಡಿ ಇದ್ದ ಬೀದಿಗೆ ಎರಡು ಸಲ ಹೋದಳು. ಎದುರಿನ ಔಷಧಿ ಅಂಗಡಿಯಲ್ಲಿ ಬೇಡದ ತಲೆನೋವಿನ ಮಾತ್ರೆ ಕೊಂಡು ಎರಡು ಸಲವೂ ವಾಪಸು ಬಂದಳು.

ಆಟದ ಕೊನೆಯ ವರ್ಷ ಮುಗಿದು, ಕಾಲೇಜಿನಲ್ಲಿ ಅವಳಿಗೆ ಸನ್ಮಾನ ಇಟ್ಟುಕೊಂಡರು. ಫಲಕ ಕೈಗೆ ಕೊಟ್ಟು, ಎರಡು ಮಾತಾಡಮ್ಮ ಎಂದು ಮೈಕು ಮುಂದಿಟ್ಟರು. ಗೋಡೆ ಆ ಫೈನಲ್ಲಿನ ಕೊನೆಯ ಚೆಂಡಿನ ವಿಷಯ, ಮೂರು ಸನ್ನೆ, ತಾನು ಮೊದಲನೆಯದನ್ನು ನೋಡಿದ್ದು, ಎಲ್ಲವನ್ನೂ ಹೇಳಿದಳು. ಮುಂದೆ ಕೂತ ಹೊಸ ಹುಡುಗಿಯರಿಗೆ ಬುಟ್ಟಿ ಯಾರೆಂದೇ ಗೊತ್ತಿರಲಿಲ್ಲ. ಎಂಥಾ ವಿನಯ ನೋಡಿ ಎಂದು ಪ್ರಿನ್ಸಿಪಾಲರು ಚಪ್ಪಾಳೆ ಹೊಡೆದರು! ಹಳೇ ಕಥೆ ಬಿಡಮ್ಮ, ಆ ಸ್ಕೋರ್ ಪುಸ್ತಕ ಎಲ್ಲಿದೆಯೋ ಎಂದು ಕೋಚ್ ಬೆನ್ನು ತಟ್ಟಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನ ಮಧ್ಯಾಹ್ನ ಅವಳು ಶೂ ಅಂಗಡಿಯ ಗಾಜಿನ ಬಾಗಿಲು ತಳ್ಳಿದಳು. ಬುಟ್ಟಿ ಕುಕ್ಕರಗಾಲಲ್ಲಿ ಕೂತು ಒಬ್ಬ ಹೆಂಗಸಿನ ಪಾದವನ್ನು ಅಳತೆಪಟ್ಟಿಯ ಮೇಲೆ ಇಡಿಸುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ತಲೆಯೆತ್ತಿ ನೋಡಿದಳು, ಗುರುತು ಹಿಡಿದಳು, ಕೂರು ಎಂದು ಬೆಂಚಿನ ಕಡೆ ಗದ್ದದಿಂದ ತೋರಿಸಿದಳು. ಹೆಂಗಸು ನಾಲ್ಕು ಜೋಡಿ ಹಾಕಿ ನೋಡಿ, ಒಂದನ್ನೂ ಕೊಳ್ಳದೆ ಹೊರಟುಹೋದಳು. ಆಗ ಗೋಡೆ ನಿಂತುಕೊಂಡೇ ಹೇಳಿದಳು.

"ಅಕ್ಕಾ, ಆವತ್ತು ನೀನು ಎರಡು ತೋರಿಸಿದ್ದೆ. ನಾನು ಮೂರು ಎಸೆದೆ. ತಪ್ಪು ನಂದು."

ಬುಟ್ಟಿ ಬಿದ್ದಿದ್ದ ಶೂಗಳನ್ನು ಜೋಡಿ ಮಾಡಿ ಡಬ್ಬಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಗೊತ್ತು. ಚೆಂಡು ಹಿಡಿಯೋಳಿಗೆ ಗೊತ್ತಾಗಲ್ವಾ?"

"ಮತ್ತೆ ಸರ್ ಹತ್ರ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ನಿನ್ನ ಮೇಲೆ ದೂರು ಹೇಳಿದ ಹಾಗಾಗುತ್ತೆ. ನೀನು ಹೇಳ್ತೀಯ ಅಂತ ಕಾದೆ. ಆವತ್ತು ವಾಪಸ್ ಬರೋವಾಗ ಬಸ್ಸಲ್ಲಿ ನಿನಗೆ ಅಂತ ಪಕ್ಕದ ಸೀಟು ಹಿಡ್ಕೊಂಡಿದ್ದೆ ಕಣೇ. ನೀನು ನನ್ನ ದಾಟ್ಕೊಂಡು ಹಿಂದೆ ಹೋಗಿ ಕೂತೆ."

ಬೈಗುಳಕ್ಕೆ ತಯಾರಾಗಿ ಬಂದಿದ್ದಳು ಗೋಡೆ. ಕೆನ್ನೆಗೆ ಎರಡು ಬಿದ್ದರೂ ತಿಂದುಕೊಂಡು ಹೋಗೋಣ ಅಂದುಕೊಂಡಿದ್ದಳು. ಇದಕ್ಕೆ ತಯಾರಿರಲಿಲ್ಲ. ನನ್ನ ಮೇಲೆ ಕೋಪವಿದೆಯಾ ಎಂದು ಕೇಳಿದಳು.

ಇಲ್ಲ, ಮೊದಲ ವರ್ಷ ತುಂಬಾ ಇತ್ತು, ಈಗ ಇಲ್ಲ ಎಂದಳು ಬುಟ್ಟಿ. ಅವಳ ಮುಖ ನೋಡಿದರೆ ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ಬುಟ್ಟಿ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಬನ್ನಿ ಕೂತ್ಕೊಳ್ಳಿ ಎಂದು ಅವರನ್ನು ಬೆಂಚಿಗೆ ಕರೆದಳು. ಗೋಡೆ ಅವರಿಗೆ ಜಾಗ ಬಿಟ್ಟು ಬಾಗಿಲ ತನಕ ಬಂದಳು.

"ನಾಳೆ ಬರ್ಲಾ ಅಕ್ಕಾ?"

"ಶೂ ಬೇಕಾದ್ರೆ ಬಾ" ಎಂದಳು ಬುಟ್ಟಿ, ಗಿರಾಕಿಯ ಕಾಲಿನ ಬಳಿ ಕೂರುತ್ತಾ.